ಬಸ್ ಫ್ರೀ, ಮಂಚ ಎಲ್ಲಿ?

ನಮ್ಮ ಹಾಸ್ಟೆಲ್‌ನಲ್ಲಿ ಈಗ ವಿಯೆಟ್ನಾಂ ಜ್ವರ. ಸ್ಲೀಪರ್ ಬಸ್, ಡಾರ್ಮಿಟರಿಯಲ್ಲೊಂದು ಬಂಕ್, ಬೆನ್ನಿಗೆ ಬ್ಯಾಗ್. ಪಾಸ್‌ಪೋರ್ಟ್ ಇಲ್ಲದ ನಾವಿಬ್ಬರು ಹುಡುಗಿಯರು ಅದೇ ಸ್ಟೈಲಲ್ಲಿ ಮುದಗಲ್‌ಗೆ ಹೋದ್ವಿ. 2023ರಿಂದ ಶಕ್ತಿ ಯೋಜನೆ ಇದೆಯಲ್ಲ, ಟಿಕೆಟ್ ಸೊನ್ನೆ.

ಬಹಮನಿ, ವಿಜಯನಗರ, ಬಿಜಾಪುರ ಮೂವರೂ ಕಿತ್ತಾಡಿದ ಕೋಟೆ ನೋಡೋದರಲ್ಲೇ ಸಂಜೆಯಾಯ್ತು. ಲಾಡ್ಜ್‌ನಲ್ಲಿ ಕೇಳಿದ್ರೆ, "ಜೋಡಿ ಗಂಡಸ್ರು ಯಾರೂ ಇಲ್ಲೇನು?" ರೂಮ್ ಸಿಗಲಿಲ್ಲ. ಬಸ್ಸಲ್ಲಿ ಪರಿಚಯವಾಗಿದ್ದ ಅಕ್ಕ ಮತ್ತೆ ಸಿಕ್ಕರು. "ಮನಿ ಐತಲ್ಲ, ಬರ್ರೆವ್ವಾ" ಅಂತ ಕರ್ಕೊಂಡು ಹೋಗಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದ್ರು. ಬೆಳಿಗ್ಗೆ ಮಸ್ಕಿ: ಅಶೋಕನ ಹೆಸರಿರುವ ಶಾಸನ. 1915ರಲ್ಲಿ ಅದನ್ನ ಪತ್ತೆ ಮಾಡಿದ್ದು ಬೀಡನ್ ಎಂಬ ಗಣಿ ಎಂಜಿನಿಯರ್. (ನಮ್ಮವನೇ!)

ಫ್ರೆಂಡ್ಸ್ ಎಲ್ಲ "ಎಂಥಾ ಆತಿಥ್ಯ!" ಅಂತಾರೆ. ನಿಜ. ಆದರೆ ಅಕ್ಕ ಸಿಗದಿದ್ದರೆ?

ಜರ್ಮನಿಯ ಆಲ್ಟೆನಾದಲ್ಲಿ ಶಿರ್ಮಾನ್ ಅನ್ನೋ ಶಾಲಾ ಮೇಷ್ಟ್ರು 1912ರಲ್ಲಿ ಕೋಟೆಯೊಳಗೇ ಯೂತ್ ಹಾಸ್ಟೆಲ್ ತೆರೆದರು. ನಮಗೆ ಕೋಟೆ ಬೇಡ. ರಜೆಯಲ್ಲಿ ಖಾಲಿ ಬೀಳೋ ಸರ್ಕಾರಿ ವಿದ್ಯಾರ್ಥಿನಿಲಯ ಸಾಕು. ಕಾಲೇಜ್ ಐಡಿ ನೋಡಿ, ನೂರೈವತ್ತು ರೂಪಾಯಿ ತಗೊಂಡು, ಒಂದು ಮಂಚ, ಒಳಗಿಂದ ಹಾಕೋ ಚಿಲಕ ಕೊಡಲಿ. ಬಸ್ಸನ್ನೇ ಫ್ರೀ ಮಾಡಿದ ಸರ್ಕಾರಕ್ಕೆ ಇದೇನು ಭಾರ?

ದಸರಾ ರಜೆಗೆ ಜಲದುರ್ಗ ನೋಡಬೇಕು. ಬ್ಯಾಗ್ ರೆಡಿ ಇದೆ, ಮನೆಯಲ್ಲಿ "ರಾತ್ರಿ ಎಲ್ಲಿರ್ತೀರಾ?" ಅಂತಿದ್ದಾರೆ.