ಖಾಲಿ ಕಣಜದ ಕಪ್ಪೆ

ಒಂದು ಕಪ್ಪು ಬಕೆಟ್ಟು, ಒಂದು ಬಿಳಿ ಬಕೆಟ್ಟು. ಎರಡರಲ್ಲೂ ಒಂದಿಷ್ಟು ನೀರು, ಮೇಲಿನಿಂದ ಬೆಳಕು, ಒಳಗೆ ಒಂದೊಂದು ಕಪ್ಪೆ. ಹಿಂಗಾಲಿನ ಬೆರಳುಗಳಲ್ಲಿ ಕಪ್ಪು ಉಗುರಿರುವ, ದಕ್ಷಿಣ ಆಫ್ರಿಕದ ಕೆರೆಕುಂಟೆಗಳ ಈ ಪ್ರಾಣಿಯ ಹೆಸರು ಕ್ಸೆನೋಪಸ್ ಲೇವಿಸ್. ಮೂರು ವಾರ ಬಿಟ್ಟು ಬಂದು ನೋಡಿದರೆ ಕಪ್ಪು ಬಕೆಟ್ಟಿನದು ಇದ್ದಿಲಿನಂತಾಗಿರುತ್ತದೆ, ಬಿಳಿ ಬಕೆಟ್ಟಿನದು ಬೂದಿ ಬಳಿದುಕೊಂಡಂತೆ ಬೆಳ್ಳಗಾಗಿರುತ್ತದೆ. ನೆದರ್ಲೆಂಡ್ಸಿನ ನೈಮೇಗನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ನಡೆದ ಸಂಶೋಧನೆಗೆ ಆರಂಭದ ಬಂಡವಾಳ ಇಷ್ಟೇ.

ಕಪ್ಪೆಯನ್ನು ಕಪ್ಪು ಮಾಡುವ ಹಾರ್ಮೋನು ಮಿದುಳಿನ ಬುಡಕ್ಕೆ ಅಂಟಿಕೊಂಡ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಹಾಗಾದರೆ ಈ ಎರಡರಲ್ಲಿ ಯಾವ ಕಪ್ಪೆಯ ಗ್ರಂಥಿಯಲ್ಲಿ ಆ ಹಾರ್ಮೋನು ಹೆಚ್ಚು ತುಂಬಿರಬೇಕು? ಯಾರೇ ಆದರೂ ಕಪ್ಪು ಕಪ್ಪೆಯನ್ನೇ ತೋರಿಸಿಯಾರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸುವುದು ಬೇರೆ. ಬಿಳಿ ಕಪ್ಪೆಯ ಜೀವಕೋಶಗಳಲ್ಲಿ ಹಾರ್ಮೋನಿನ ಕಿರುಚೀಲಗಳು ಕಿಕ್ಕಿರಿದಿರುತ್ತವೆ. ಕಪ್ಪು ಕಪ್ಪೆಯ ಕಣಜ ಬಹುಪಾಲು ಬರಿದು.

ಈ ವಿಚಿತ್ರದ ಹಿಂದೆ ನೂರು ವರ್ಷ ದಾಟಿದ ಕಥೆಯಿದೆ. 1916ರಲ್ಲಿ ಅಮೆರಿಕದ ಪಿ.ಇ. ಸ್ಮಿತ್ ಮತ್ತು ಬಿ.ಎಂ. ಆಲನ್, ಒಬ್ಬರ ಹಂಗಿಲ್ಲದೆ ಇನ್ನೊಬ್ಬರು, ಕಪ್ಪೆಯ ಎಳೆಯ ಭ್ರೂಣಗಳಿಂದ ಪಿಟ್ಯುಟರಿ ಆಗಬೇಕಾದ ಚೂರನ್ನು ತೆಗೆದುಹಾಕಿದರು. ಬೆಳೆದ ಗೊದಮೊಟ್ಟೆಗಳು ಬೆಳ್ಳಿಯಂತೆ ಬಿಳಿಚಿಕೊಂಡವು. 1920ರ ದಶಕದಲ್ಲಿ ಬ್ರಿಟನ್ನಿನ ಲ್ಯಾನ್ಸ್‌ಲಾಟ್ ಹಾಗ್ಬೆನ್ ಇದರ ಬೆನ್ನು ಹತ್ತಿದರು, ಮುಂದೆ ಕೇಪ್‌ಟೌನಿಗೆ ಹೋಗಿ ಅಲ್ಲಿನ ಉಗುರುಗಪ್ಪೆಯನ್ನೇ ಹಿಡಿದುಕೊಂಡರು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಲಾಗದು ಎಂಬ ಮಾತು ನಮ್ಮಲ್ಲಿದೆ. ಹಾಗ್ಬೆನ್ ತೂಗಲು ಹೋಗದೆ ಅವುಗಳ ಕಪ್ಪನ್ನೇ ಅಳೆದರು. ಕಾಲಿನ ಜಾಲಪೊರೆಯಲ್ಲಿರುವ ಬಣ್ಣದ ಕೋಶಗಳನ್ನು ನೋಡಿ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿಯೊಂದನ್ನು ಡೇವಿಡ್ ಸ್ಲೋಮ್ ಜೊತೆ ರೂಪಿಸಿದರು. ಆ ಕೋಶಗಳೊಳಗೆ ಮೆಲನಿನ್ ಎಂಬ ಕಪ್ಪು ಬಣ್ಣದ ಕಾಳುಗಳಿವೆ. ಅಂಗಳದಲ್ಲಿ ರಾಗಿಯನ್ನು ಗುಡ್ಡೆ ಮಾಡಿದರೆ ನೆಲ ಕಾಣುತ್ತದೆ, ಹರವಿದರೆ ಮುಚ್ಚುತ್ತದೆ. ಇಲ್ಲಿ ಹರವುವ ಕೆಲಸ ಹಾರ್ಮೋನಿನದು.

ಆ ಹಾರ್ಮೋನು ಆಲ್ಫಾ-ಎಂಎಸ್‌ಎಚ್, ಹದಿಮೂರೇ ಅಮೈನೋ ಆಮ್ಲಗಳ ಪುಟ್ಟ ಸರ. ಪಿಟ್ಯುಟರಿಯ ನಡುಹಾಲೆಯಲ್ಲಿ ಅದನ್ನು ಮಾಡುವ ಕೋಶಗಳಿಗೆ ಮೆಲನೋಟ್ರೋಪ್ ಎಂದು ಹೆಸರು. ಹಿಡಿಯಷ್ಟು ಸರ ಬೇಕೆಂದರೆ ಕೋಶ ಹಿಡಿಯಷ್ಟನ್ನೇ ನೇಯುವುದಿಲ್ಲ. ಮೊದಲು ಉದ್ದದ ಥಾನು ನೇಯ್ದು ಆಮೇಲೆ ಕತ್ತರಿಸುತ್ತದೆ. 1977ರಲ್ಲಿ ಅಮೆರಿಕದಲ್ಲಿ ಪೆಂಗ್ ಲೋ ಮತ್ತು ಹೆರಾಲ್ಡ್ ಗೇನರ್ ಇದನ್ನು ಇದೇ ಕಪ್ಪೆಯ ಗ್ರಂಥಿಯಲ್ಲಿ ಹಿಂಬಾಲಿಸಿ ನೋಡಿದರು. ವಿಕಿರಣ ಸೂಸುವ ಅಮೈನೋ ಆಮ್ಲವನ್ನು ಸ್ವಲ್ಪ ಹೊತ್ತು ಮಾತ್ರ ಉಣಿಸಿ, ಆಮೇಲೆ ಸಾದಾ ಊಟಕ್ಕೆ ಬದಲಿಸುವುದು ಉಪಾಯ. ಗುರುತು ಮೊದಲು ಕಾಣಿಸಿದ್ದು ಒಂದು ದೊಡ್ಡ ಪ್ರೋಟೀನಿನಲ್ಲಿ. ಹೊತ್ತು ಕಳೆದಂತೆ ಅದು ಅಲ್ಲಿ ಮಾಯವಾಗಿ ಚಿಕ್ಕ ಚಿಕ್ಕ ತುಂಡುಗಳಲ್ಲಿ ತೇಲಿತು. ದನದ ಪಿಟ್ಯುಟರಿಯಿಂದ ಆ ದೊಡ್ಡ ಪ್ರೋಟೀನಿನ ಪೂರ್ಣ ಪಾಠವನ್ನು 1979ರಲ್ಲಿ ಕ್ಯೋಟೋದ ಶಿಗೆತಾದಾ ನಾಕನಿಶಿ ಮತ್ತು ಶೋಸಾಕು ನೂಮಾ ಅವರ ತಂಡ ಓದಿತು. ಪ್ರೋ-ಓಪಿಯೋ-ಮೆಲನೋ-ಕಾರ್ಟಿನ್ ಎಂಬ ಅದರ ಹೆಸರು ಬಾಯಿಗೆ ಹೊರೆ, ಆದರೆ ಅದರಲ್ಲೇ ದಾಸ್ತಾನಿನ ಪಟ್ಟಿಯಿದೆ: ನೋವು ಮರೆಸುವ ಎಂಡಾರ್ಫಿನ್, ಬಣ್ಣ ತರುವ ಮೆಲನೋಟ್ರೋಪಿನ್, ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುವ ಎಸಿಟಿಎಚ್, ಮೂರೂ ಒಂದೇ ಥಾನಿನಲ್ಲಿ. ಸಂಕ್ಷಿಪ್ತವಾಗಿ ಪಿಒಎಂಸಿ.

ಇದು ಹುಟ್ಟುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲಕ್ಕೆ ಅಂಟಿದ ರೈಬೋಸೋಮುಗಳಲ್ಲಿ. ಸರದ ತುದಿಯಲ್ಲಿ ವಿಳಾಸದ ಚೀಟಿಯಂಥ ತುಣುಕೊಂದಿದೆ. ಅದನ್ನು ತೋರಿಸಿ ಪ್ರೋಟೀನು ಜಾಲದ ಒಳಕ್ಕೆ ನುಸುಳುತ್ತದೆ, ನುಸುಳಿದ ಮೇಲೆ ಚೀಟಿ ಹರಿದುಹೋಗುತ್ತದೆ. ಅಲ್ಲಿ ಸರಿಯಾಗಿ ಮಡಚಿಕೊಂಡದ್ದಷ್ಟೇ ಮುಂದಿನ ನಿಲ್ದಾಣವಾದ ಗಾಲ್ಗಿಗೆ ಹೋಗಬಹುದು. ಜಾಲದಿಂದ ಗಾಲ್ಗಿಗೆ, ಅಲ್ಲಿಂದ ಚೀಲಕ್ಕೆ ಎಂಬ ಈ ದಾರಿಯನ್ನು ಜಾರ್ಜ್ ಪಲಾಡೆ ಗಿನಿಯಿಲಿಗಳ ಮೇದೋಜೀರಕ ಗ್ರಂಥಿಯಲ್ಲಿ ಗುರುತಿಸಿದ್ದರು. 1974ರ ನೊಬೆಲ್ ಪ್ರಶಸ್ತಿಗೆ ಪಾಲುದಾರರಾದದ್ದು ಇಂಥ ಕೆಲಸಕ್ಕಾಗಿ. ಕಪ್ಪು ಕಪ್ಪೆಯಲ್ಲಿ ಈ ಜಾಲವೂ ಗಾಲ್ಗಿಯೂ ಹಬ್ಬದ ಮನೆಯ ಅಡುಗೆಕೋಣೆಯಂತೆ ಹಿಗ್ಗಿರುತ್ತವೆ. ಬಿಳಿ ಕಪ್ಪೆಯಲ್ಲಿ ಮುದುಡಿಕೊಂಡಿರುತ್ತವೆ.

ಗಾಲ್ಗಿಯ ಹೊರಬಾಗಿಲಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಅಲ್ಲಿಂದ ಹತ್ತಾರು ಬಗೆಯ ಪ್ರೋಟೀನುಗಳು ಹತ್ತಾರು ಕಡೆಗೆ ಹೊರಡುತ್ತವೆ. ಹಾರ್ಮೋನಾಗಬೇಕಾದದ್ದು ಮಾತ್ರ ಅಪ್ಪಣೆ ಬರುವ ತನಕ ಕಾಯುವ ಚೀಲಕ್ಕೆ ಸೇರುವುದು ಹೇಗೆ? ಪೊರೆಯಲ್ಲಿ ಕೈಹಿಡಿದು ಕರೆದೊಯ್ಯುವ ಗ್ರಾಹಕವಿದೆ ಎಂದು ಒಂದು ಪಕ್ಷ. ಹುಳಿಯೂ ಕ್ಯಾಲ್ಸಿಯಮ್ಮೂ ಹೆಚ್ಚಾದಾಗ ಇಂಥ ಪ್ರೋಟೀನುಗಳು ತಾವಾಗಿಯೇ ಗಂಟುಕಟ್ಟುತ್ತವೆ, ಪೊರೆ ಆ ಗಂಟನ್ನು ಸುತ್ತಿಕೊಳ್ಳುತ್ತದೆ ಎಂದು ಇನ್ನೊಂದು ಪಕ್ಷ. ಹಾಲಿಗೆ ಹುಳಿ ಬಿದ್ದಾಗ ಏನಾಗುತ್ತದೆಂದು ಬಲ್ಲವರಿಗೆ ಎರಡನೆಯದು ಬೇಗ ಮನಸ್ಸಿಗೆ ಹತ್ತುತ್ತದೆ. ಜೀವಕೋಶ ಬಹುಶಃ ಎರಡನ್ನೂ ಬಳಸುತ್ತದೆ.

ಹುಳಿ ಇಲ್ಲಿ ಬರಿಯ ಹೋಲಿಕೆಯಲ್ಲ. ಚೀಲದ ಪೊರೆಯಲ್ಲಿರುವ ಪಂಪುಗಳು ಪ್ರೋಟಾನುಗಳನ್ನು ಒಳಕ್ಕೆ ನೂಕುತ್ತಲೇ ಇರುತ್ತವೆ. ಜಾಲದಲ್ಲಿ ಏಳರ ಆಸುಪಾಸಿನಲ್ಲಿದ್ದ ಪಿಎಚ್ ಚೀಲ ಮಾಗುವ ಹೊತ್ತಿಗೆ ಸುಮಾರು 5.5ಕ್ಕೆ ಇಳಿಯುತ್ತದೆ. ಕತ್ತರಿಗಳಿಗೆ ಬೇಕಾದದ್ದು ಈ ಹುಳಿಯೇ. ಪಿಸಿ1 ಮತ್ತು ಪಿಸಿ2 ಎಂಬ ಎರಡು ಕಿಣ್ವಗಳು ಸರದಲ್ಲಿ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ಜೋಡಿಯಾಗಿ ಕುಳಿತ ಜಾಗ ಹುಡುಕಿ ಕತ್ತರಿಸುತ್ತವೆ. ಪಿಟ್ಯುಟರಿಯ ಮುಂಹಾಲೆಯಲ್ಲಿ ಪಿಸಿ1 ಕೆಲಸ ಮಾಡಿ ಎಸಿಟಿಎಚ್ ಹಂತದಲ್ಲಿ ನಿಲ್ಲುತ್ತದೆ. ನಡುಹಾಲೆಯಲ್ಲಿ ಪಿಸಿ2 ಕೂಡ ಇರುವುದರಿಂದ ಎಸಿಟಿಎಚ್ ಮತ್ತೂ ತುಂಡಾಗಿ ಆಲ್ಫಾ-ಎಂಎಸ್‌ಎಚ್ ಹೊರಬರುತ್ತದೆ. ಒಂದೇ ವಂಶವಾಹಿ, ಒಂದೇ ಥಾನು, ದರ್ಜಿ ಬದಲಾದರೆ ಉಡುಪು ಬೇರೆ.

ಇಷ್ಟು ಹರಿತವಾದ ಪಿಸಿ2 ದಾರಿಯಲ್ಲೇ ಕತ್ತರಿಸಲು ಶುರುಮಾಡಿದರೆ ಅನಾಹುತ. ಅದಕ್ಕೆ ಒರೆಯೊಂದಿದೆ, ಹೆಸರು 7ಬಿ2. ಜಾಲದಲ್ಲೇ ಪಿಸಿ2ಗೆ ಅಂಟಿಕೊಂಡು, ಪ್ರಯಾಣದುದ್ದಕ್ಕೂ ಅದನ್ನು ಸುಮ್ಮನಿರಿಸಿ, ತಲುಪಬೇಕಾದ ಕಡೆ ತಲುಪಿದ ಮೇಲೆ ಬಿಟ್ಟುಕೊಡುತ್ತದೆ. ಈ ಪ್ರೋಟೀನಿನ ಗುಟ್ಟನ್ನು 1994ರಲ್ಲಿ ಬಿಡಿಸಿದ್ದು ನೈಮೇಗನ್ನಿನಲ್ಲಿ ಜೆರಾರ್ಡ್ ಮಾರ್ಟೆನ್ಸ್ ಅವರ ತಂಡ. ಕತ್ತರಿಸಿದ ಮೇಲೆ ಅಂಚು ಹೊಲಿಯುವ ಕೆಲಸವೂ ಉಂಟು. ಒಂದು ಕಿಣ್ವ ತುದಿಯಲ್ಲಿ ಉಳಿದ ಲೈಸಿನ್, ಆರ್ಜಿನಿನ್ ಚೂರುಗಳನ್ನು ಸವರುತ್ತದೆ. ಇನ್ನೊಂದು ತಾಮ್ರ ಮತ್ತು ಸಿ ಜೀವಸತ್ವದ ನೆರವಿನಿಂದ ತುದಿಗೆ ಅಮೈಡ್ ಗುಂಪನ್ನು ಕೂರಿಸುತ್ತದೆ. ಈ ಎರಡನೆಯ ಕಿಣ್ವವನ್ನು 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಶುದ್ಧಗೊಳಿಸಿದ್ದೂ ಇದೇ ಉಗುರುಗಪ್ಪೆಯ ಚರ್ಮದಿಂದ.

ಕೊನೆಯ ಒಂದು ಕೆಲಸವನ್ನು ಮಾತ್ರ ಈ ಕಪ್ಪೆ ಬಾಗಿಲು ದಾಟುವ ಹೊತ್ತಿಗೆ ಇಟ್ಟುಕೊಂಡಿದೆ. ಸರದ ತಲೆಗೆ ಅಸಿಟೈಲ್ ಗುಂಪು ಸೇರಿದರೆ ಹಾರ್ಮೋನಿನ ಬಲ ಹೆಚ್ಚುತ್ತದೆ. ಇಲಿಯಲ್ಲಿ ಇದು ಚೀಲದೊಳಗೇ ನಡೆದುಹೋಗುತ್ತದೆ. ಉಗುರುಗಪ್ಪೆಯ ಕಣಜದಲ್ಲಿರುವುದು ಅಸಿಟೈಲ್ ಇಲ್ಲದ ಸಪ್ಪೆ ಸರಕು, ಹೊರಬಿದ್ದದ್ದರಲ್ಲಿ ಅಸಿಟೈಲ್ ಇರುತ್ತದೆ. ಊಟಕ್ಕೆ ಕೂತವರ ಎದುರಿಗೇ ಒಗ್ಗರಣೆ ಹಾಕುವ ಮನೆಗಳಿರುತ್ತವಲ್ಲ, ಹಾಗೆ.

ಬಾಗಿಲಿನ ಕೀಲಿಕೈ ಗ್ರಂಥಿಯ ಬಳಿ ಇಲ್ಲ. ಕಣ್ಣು ಬಿಳಿ ನೆಲವನ್ನು ಕಂಡಾಗ ಸುದ್ದಿ ಮಿದುಳಿನ ಸುಪ್ರಕಯಾಸ್ಮ್ಯಾಟಿಕ್ ಕೇಂದ್ರಕ್ಕೆ ಮುಟ್ಟುತ್ತದೆ. ಸಸ್ತನಿಗಳಲ್ಲಿ ಹಗಲುರಾತ್ರಿಯ ಗಡಿಯಾರ ಇರುವ ಜಾಗವದು. ಅಲ್ಲಿಂದ ಇಳಿದುಬಂದ ನರಗಳ ತುದಿಯಲ್ಲಿ ಡೋಪಮಿನ್, ಗಾಬಾ, ನ್ಯೂರೋಪೆಪ್ಟೈಡ್ ವೈ ಎಂಬ ಮೂರು ರಾಸಾಯನಿಕಗಳು ಒಟ್ಟಿಗೇ ಕೂಡಿಟ್ಟಿರುತ್ತವೆ, ಮೂರೂ ತಡೆ ಹಾಕುವಂಥವು. ತಡೆ ಇಲ್ಲದಾಗ ಮೆಲನೋಟ್ರೋಪ್‌ನೊಳಗೆ ಕ್ಯಾಲ್ಸಿಯಮ್ ಅಲೆಯಲೆಯಾಗಿ ಏಳುತ್ತಾ ಬೀಳುತ್ತಾ ಇರುತ್ತದೆ, ಚೀಲಗಳು ಕೋಶದ ಅಂಚಿಗೆ ಬೆರೆತು ಬರಿದಾಗುತ್ತವೆ. ತಡೆ ಬಿದ್ದೊಡನೆ ಅಲೆ ನಿಲ್ಲುತ್ತದೆ. ಮಿದುಳಿನ ನಂಟು ಕಡಿದ ಕಪ್ಪೆ ಬಿಳಿ ಬಕೆಟ್ಟಿನಲ್ಲೂ ಕಪ್ಪಾಗಿಯೇ ಉಳಿಯುವುದಕ್ಕೆ ಇದೇ ಕಾರಣ.

ಪಿಒಎಂಸಿ ಮನುಷ್ಯರಲ್ಲೂ ಇದೆ. ಅದರ ವಂಶವಾಹಿ ಕೆಟ್ಟ ಮಕ್ಕಳನ್ನು ಜರ್ಮನಿಯ ವೈದ್ಯರು 1998ರಲ್ಲಿ ವರ್ಣಿಸಿದರು. ಕೆಂಪು ಕೂದಲು, ಎಳವೆಯಿಂದಲೇ ಮಿತಿಮೀರಿದ ಬೊಜ್ಜು, ಸೊರಗಿದ ಅಡ್ರಿನಲ್. ಬಣ್ಣ ಹರಡುವ ಸರವೇ ಮಿದುಳಿನಲ್ಲಿ ಹಸಿವಿಗೂ ಕಡಿವಾಣ ಎಂಬುದು ಹೀಗೆ ಮನುಷ್ಯರಲ್ಲೂ ಕಣ್ಣಿಗೆ ಕಂಡಿತು.

ಇನ್ನು ಖಾಲಿ ಕಣಜದ ಲೆಕ್ಕ. ಕಪ್ಪು ಬಕೆಟ್ಟಿನ ಕಪ್ಪೆಯ ಕೋಶಗಳು ಬಿಳಿಯದಕ್ಕಿಂತ ಹಲವು ಪಟ್ಟು ಹೆಚ್ಚು ಪಿಒಎಂಸಿ ನೇಯುತ್ತವೆ, ಆದರೆ ನೇಯ್ದದ್ದೆಲ್ಲ ಕತ್ತರಿಸಿ ಮುಗಿಯುತ್ತಿದ್ದಂತೆ ರಕ್ತಕ್ಕೆ ಸೇರುತ್ತದೆ. ಆ ಕಪ್ಪೆಯನ್ನೆತ್ತಿ ಬಿಳಿ ಬಕೆಟ್ಟಿಗೆ ಬಿಟ್ಟರೆ ಬಾಗಿಲು ಕೂಡಲೇ ಮುಚ್ಚುತ್ತದೆ. ಮಗ್ಗ ಮಾತ್ರ ಅಷ್ಟು ಬೇಗ ನಿಲ್ಲುವುದಿಲ್ಲ, ನಿಧಾನವಾಗಿ ತಣಿಯುತ್ತದೆ. ಆ ನಡುವೆ ನೇಯ್ದದ್ದು ಹೊರಹೋಗಲು ದಾರಿಯಿಲ್ಲದೆ ಚೀಲದ ಮೇಲೆ ಚೀಲ ಪೇರಿಸಿಕೊಳ್ಳುತ್ತದೆ. ಮತ್ತೆ ಯಾವತ್ತಾದರೂ ಯಾರಾದರೂ ಕಪ್ಪು ಬಕೆಟ್ಟಿಗೆ ವಾಪಸು ಹಾಕಿದರೆ, ಮಗ್ಗ ಬಿಸಿಯಾಗುವ ಮೊದಲೇ ಆ ಬೆಳ್ಳಗಿನ ಕಪ್ಪೆ ಹಳೆಯ ದಾಸ್ತಾನಿನಿಂದ ಕಪ್ಪಾಗತೊಡಗುತ್ತದೆ.