ಎಡಕ್ಕ ಸರಿ ಅಂದ್ರ ಎಲ್ಲಿಗೆ ಸರೀಬೇಕು?

“ಏ ತಮ್ಮಾ, ಎಡಕ್ಕ ಸರಿಯೋ!” ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ತಾಲೂಕಿನ ರಸ್ತೆಗೆ ಹೋದರೂ ಕಾರಿನವರು ಸೈಕಲ್ಲಿನವನಿಗೆ ಹೇಳುವ ಮಾತು ಇದೊಂದೇ. ಹಾರ್ನು ಹೇಳುವುದೂ ಅದನ್ನೇ. ಆಯ್ತು, ಸರಿಯುತ್ತಾನೆ. ಆದರೆ ಎಲ್ಲಿಗೆ?

ಡಾಂಬರಿನ ಅಂಚನ್ನು ಇಳಿದು ನೋಡಿದವರಿಗೆ ಗೊತ್ತು. ಹಳೆಯದರ ಮೇಲೆ ಹೊಸ ಡಾಂಬರು ಬಿದ್ದು ಬಿದ್ದು ರಸ್ತೆ ಏರಿದೆ. ಬದಿಯ ಮಣ್ಣು ಮಳೆಗೆ ಕೊಚ್ಚಿ ಇಳಿದಿದೆ. ಮುಂದಿನ ಗಾಲಿ ಒಮ್ಮೆ ಕೆಳಗೆ ಇಳಿಯಿತೋ, ಮತ್ತೆ ಸುಲಭವಾಗಿ ಹತ್ತುವುದಿಲ್ಲ. ಜುಲುಮೆಯಿಂದ ಹತ್ತಿಸಲು ಹೋದವನು ಹ್ಯಾಂಡಲ್ ತಿರುಗಿ ಬೀಳುವುದು ರಸ್ತೆಯ ಒಳಕ್ಕೇ, ಹಿಂದಿನ ಗಾಡಿಯ ಮುಂದೆ. ಸುಗ್ಗಿಯಲ್ಲಂತೂ ಆ ಅಂಚೂ ಸಿಗದು. ಗೋವಿನಜೋಳ ಹರವಿರುತ್ತಾರೆ, ಗಾಡಿ ಹಾಯದಂತೆ ಸುತ್ತ ಕಲ್ಲು ಇಟ್ಟಿರುತ್ತಾರೆ. ರೈತರನ್ನು ಬೈದರೆ ಏನು ಬಂತು? ಒಣಗಿಸಲು ಅವರಿಗೆ ಕಣವೆಲ್ಲಿದೆ?

ಇನ್ನು ಅಗಲದ ಲೆಕ್ಕ. ಒಂದೇ ಪಥದ ರಸ್ತೆಗೆ ಗೊತ್ತುಪಡಿಸಿದ ಅಗಲ 3.75 ಮೀಟರು. ಬಸ್ಸಿನ ಅಗಲ 2.6 ಮೀಟರಿನ ತನಕ ಇರಬಹುದು. ಉಳಿದದ್ದು 1.15 ಮೀಟರು, ಅಂದರೆ ನಾಲ್ಕು ಅಡಿಗೂ ಕಡಿಮೆ. ಸೈಕಲ್ಲಿನ ಹ್ಯಾಂಡಲೇ ಎರಡು ಅಡಿ. ಎರಡೂ ಬಾಜೂ ಹಾಲಿನ ಕ್ಯಾನು ತೂಗಿದ್ದರೆ, ಇಲ್ಲವೇ ಸವಣೂರಿನ ಎಲೆಯ ಹೊರೆ ಇದ್ದರೆ ಕೇಳುವುದೇ ಬೇಡ. ಸೈಕಲ್ಲಿನವನು ಅಂಚಿಗೆ ಅಂಟಿಕೊಂಡಷ್ಟೂ ಹಿಂದಿನವನಿಗೆ ‘ಜಾಗ ಐತಿ’ ಅನ್ನಿಸುತ್ತದೆ. ನುಗ್ಗುತ್ತಾನೆ. ಜಾಗ ಇರುವುದಿಲ್ಲ.

ಆದ್ದರಿಂದ ಅಂಚಿನಿಂದ ಎರಡು ಮೂರು ಅಡಿ ಒಳಗೆ, ನೆಟ್ಟಗೆ ಹೋಗುವುದೇ ಕ್ಷೇಮ. ನಿಂತ ಟಂಟಂಗಳ ಸಂದಿಯಲ್ಲಿ ಹೊಕ್ಕು ಹೊರಡುವ ಹಾವಿನ ನಡೆ ಬೇಡ. ಸಣ್ಣ ಸೇತುವೆ ಬಂದರೆ ಹಿಂದೆ ನೋಡಿ, ಕೈ ತೋರಿಸಿ, ನಡುವಿಗೆ ಬರಬೇಕು. ದಾಟಿದ ಕೂಡಲೇ ಎಡಕ್ಕೆ ಸರಿದು ದಾರಿ ಬಿಡಬೇಕು. ಕಾರಿನವರು ಅರ್ಧ ನಿಮಿಷ ಕಾದರೆ ಗಂಟೇನೂ ಹೋಗದು. “ರಸ್ತೆ ಏನ್ ನಿಮ್ಮಪ್ಪಂದೇನು?” ಎಂದು ಕೇಳುವವರಿದ್ದಾರೆ. ಅಲ್ಲ ಸ್ವಾಮಿ, ನಿಮ್ಮಪ್ಪನದೂ ಅಲ್ಲ.

ಒಂದು ಮಾತು ಮಾತ್ರ ಸ್ಪಷ್ಟವಿರಲಿ. ಶಿಗ್ಗಾಂವಿ, ಬಂಕಾಪುರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಈ ಧೈರ್ಯ ನಡೆಯದು. ಅಲ್ಲಿ ಸರ್ವಿಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಬೇಕು. ಸುತ್ತು ಬಿದ್ದರೂ ಸೈ.

ಹಿಂದೆ ದೀಪವಿಲ್ಲದ ಸೈಕಲ್ಲು ಸಿಕ್ಕರೆ ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದರು. ಈಗ ಡೈನಮೋ ಎಂದರೆ ಹುಡುಗರು ಪಿಳಿಪಿಳಿ ನೋಡುತ್ತಾರೆ. ಹಿಂದಿನ ಮಡ್ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರ್ ಹಚ್ಚಲು ಎಷ್ಟು ಖರ್ಚು?

2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಟ್ಟಿತು. ಕೊರೋನಾ ಕಾಲದಲ್ಲಿ ಅದು ನಿಂತಿತು. ಕೊಟ್ಟಷ್ಟು ವರ್ಷ ಗಾಲಿ, ಸೀಟು, ಬೆಲ್ಲು ಎಲ್ಲ ಬಂತು. ಮಗು ರಸ್ತೆಯ ಯಾವ ಜಾಗದಲ್ಲಿ ಹೋಗಬೇಕೆಂಬ ಪಾಠ ಅದರ ಜೊತೆ ಬರಲಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491. ಅದರಲ್ಲಿ ಸೈಕಲ್ಲಿನವರೇ ನಾಲ್ಕೂವರೆ ಸಾವಿರಕ್ಕೂ ಮಿಕ್ಕಿ.

ಲೋಕೋಪಯೋಗಿ ಇಲಾಖೆಯವರು ಮುಂದಿನ ಡಾಂಬರು ಹಾಕುವ ಮೊದಲು ಬದಿಗೆ ನಾಲ್ಕು ಟ್ರ್ಯಾಕ್ಟರ್ ಗರಸು ಹಾಕಿಸಿ, ರೋಲರ್ ಹೊಡೆಸಿ ಸಮ ಮಾಡಿಸಲಿ. ಶಾಲೆಯ ಪಿ.ಟಿ. ಮಾಸ್ತರರು ಒಂದು ಶನಿವಾರ ಮಕ್ಕಳನ್ನು ಸೈಕಲ್ ಸಮೇತ ರಸ್ತೆಗೆ ಕರೆದುಕೊಂಡು ಹೋಗಲಿ. ಗೋವಿನಜೋಳ ರಸ್ತೆಗೆ ಬರುವುದರೊಳಗೆ ಎರಡೂ ಆಗಬೇಕು.