ನಾರ್ಮಲ್ ಐತಿ ಅಂದ ಮ್ಯಾಲೆ

ತೂಕ ಇಳಿಸುವ ಆಪರೇಷನ್ನಿನ ಮಾತು ಬಂದರೆ ನಮ್ಮ ಕಡೆ ಕೇಳುವ ಪ್ರಶ್ನೆ ಎರಡೇ: ಖರ್ಚು ಎಷ್ಟು, ಎಷ್ಟು ಕಿಲೋ ಇಳೀತದ? ಮುಂದಿನ ವರ್ಷಗಳಲ್ಲಿ ರಕ್ತದ ರಿಪೋರ್ಟ್ ನೋಡುವವರು ಯಾರು ಎಂದು ಯಾರೂ ಕೇಳುವುದಿಲ್ಲ. ನಮ್ಮ ನರೇಗಲ್ಲಿನಂಥ ಸಣ್ಣ ಊರಿನವರು ಮೊದಲು ಕೇಳಬೇಕಾದದ್ದೇ ಅದು. ಆಪರೇಷನ್ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಆದೀತು, ಬಾಳುವೆ ಮಾಡುವುದು ಇಲ್ಲಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಬರೀ 21 ವರ್ಷ. ಜಠರವನ್ನೇ ಕಿರಿದು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇರೆ, ಆದರೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೆದರುವವರು ಈಗಲೂ ಇದ್ದಾರೆ. ಹೆದರಿಕೆ ಬೇಡ ಅನ್ನುವುದಿಲ್ಲ. ಹೆದರುವ ಜಾಗ ತಪ್ಪಿದೆ ಅನ್ನುತ್ತೇನೆ. ಬೇರಿಯಾಟ್ರಿಕ್ ಮಾಡಿಸಿಕೊಂಡವರು ಆಪರೇಷನ್ ದಿನವನ್ನು ಸಾಮಾನ್ಯವಾಗಿ ದಾಟುತ್ತಾರೆ. ತೊಡಕು ಆಮೇಲೆ, ಸುದ್ದಿಯಾಗದ ವರ್ಷಗಳಲ್ಲಿ.

ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಊಟವು ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದೆ. ಕಬ್ಬಿಣದಂಶ ಹೆಚ್ಚಾಗಿ ಹೀರುವುದು ಅಲ್ಲೇ. ಬಿ12 ಹೀರಲು ಜಠರದಿಂದ ಒಸರುವ ಒಂದು ಪದಾರ್ಥ ಬೇಕು, ಅದೂ ಕಡಿಮೆಯಾಗುತ್ತದೆ. ಲಿವರಿನಲ್ಲಿ ಬಿ12 ವರ್ಷಗಟ್ಟಲೆ ಸಾಲುವಷ್ಟು ಕೂಡಿಟ್ಟಿರುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ, ಅಷ್ಟೊತ್ತಿಗೆ ರೋಗಿ ತಪಾಸಣೆ ಬಿಟ್ಟಿರುತ್ತಾಳೆ. ನಮ್ಮ ಭಾಗದಲ್ಲಿ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ, ಬಿ12 ಬರಬೇಕಾದದ್ದು ಹಾಲು ಮೊಸರಿನಿಂದಷ್ಟೇ. ಕೂಡಿಟ್ಟದ್ದೇ ಕಡಿಮೆ ಇದ್ದವರಿಗೆ ಆಪರೇಷನ್ ಇನ್ನೊಂದು ಹೊಡೆತ. ಬಿ12 ಕೊರತೆಯಿಂದ ಕಾಲು ಜೋಮು ಹಿಡಿದರೂ ‘ವಯಸ್ಸಾತು’ ಅನ್ನುತ್ತೇವೆ.

ಅದಕ್ಕೇ ಮೊದಲ ವರ್ಷ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಬದುಕಿರುವತನಕ ರಕ್ತ ಪರೀಕ್ಷೆ. ಲ್ಯಾಬಿನಿಂದ ರಿಪೋರ್ಟ್ ಮೊಬೈಲಿಗೆ ಬರುತ್ತದೆ, ದಪ್ಪಕ್ಷರ ಇಲ್ಲದಿದ್ದರೆ ‘ನಾರ್ಮಲ್ ಐತಿ’ ಎಂದು ಮುಚ್ಚಿಡುತ್ತೇವೆ. ಹೆಣ್ಣುಮಗಳೊಬ್ಬಳ ಹಿಮೋಗ್ಲೋಬಿನ್ ಮೊದಲ ಸಲ 13.6, ಮುಂದಿನ ವರ್ಷ 12.8, ಅದರ ಮುಂದಿನ ವರ್ಷ 12.1 ಬಂತೆನ್ನಿ. ಮೂರೂ ನಾರ್ಮಲ್ಲೇ. ಮೂರನ್ನೂ ಸಾಲಾಗಿ ಇಟ್ಟರೆ ಮಾತ್ರ ಇಳಿಜಾರು ಕಣ್ಣಿಗೆ ಬೀಳುತ್ತದೆ. ಫೆರಿಟಿನ್ ನೋಡಿದ್ದರೆ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಿರುವುದು ಇನ್ನೂ ಮೊದಲೇ ತಿಳಿಯುತ್ತಿತ್ತು. ಕಬ್ಬಿಣ ಕಡಿಮೆಯಾದವರಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು ಎಂಬುದು ಇನ್ನೊಂದು ಪೇಚು. ಸಕ್ಕರೆ ಏರಿತೆಂದು ಗುಳಿಗೆ ಹೆಚ್ಚಿಸಿದರೆ, ಅರ್ಧ ರೊಟ್ಟಿ ತಿನ್ನುವವಳು ತಲೆತಿರುಗಿ ಬೀಳಬೇಕಾದೀತು.

ರೋಗಿಗಳ ಕೈಗೆ ಅಂಕಿ ಕೊಟ್ಟರೆ ಸುಮ್ಮನೆ ಗಾಬರಿಯಾಗುತ್ತಾರೆ ಎಂಬ ಆಕ್ಷೇಪ ಡಾಕ್ಟರರಿಂದ ಬರುತ್ತದೆ. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಡಾಕ್ಟರು ಬದಲಾಗುತ್ತಾರೆ, ಲ್ಯಾಬೂ ಬದಲಾಗುತ್ತದೆ. ಎಲ್ಲ ರಿಪೋರ್ಟುಗಳ ಜೊತೆ ಕೊನೆತನಕ ಇರುವವರು ರೋಗಿಯೊಬ್ಬರೇ. ಗಾಬರಿಗೆ ಮದ್ದು ತಿಳಿಸಿ ಹೇಳುವುದು, ಬಚ್ಚಿಡುವುದಲ್ಲ. ತಾರೀಖಿನ ಪ್ರಕಾರ ಜೋಡಿಸಿದ ಫೈಲು ಮನೆಯಲ್ಲಿರಲಿ.

ಊಟದ ವಿಷಯದಲ್ಲಿ ಊರೇ ಎದುರು ನಿಲ್ಲುತ್ತದೆ. ಹಾಲಕೆರೆ ಅನ್ನದಾನೇಶ್ವರ ಮಠದ ಪಕ್ಕದ ಸೀಮೆ ನಮ್ಮದು, ಉಣಿಸುವುದೇ ಇಲ್ಲಿ ಪ್ರೀತಿ. ‘ಒಂದ್ ತುತ್ತು ಉಣ್ಣವಾ’ ಎಂದು ಮಾದಲಿ ಬಡಿಸುತ್ತಾರೆ. ಬೈಪಾಸ್ ಆದವರು ಆ ಬೆಲ್ಲದ ಸಿಹಿಯನ್ನು ಗಬಗಬ ತಿಂದರೆ ಸ್ವಲ್ಪ ಹೊತ್ತಿಗೇ ಬೆವರಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸುತ್ತದೆ. ಮಡಕಿಕಾಳು, ಹೆಸರುಕಾಳಿನ ಪಲ್ಯ, ಝುಣಕ, ಗಟ್ಟಿ ಮೊಸರು ಮೊದಲು, ರೊಟ್ಟಿ ಆಮೇಲೆ: ಅವರಿಗೆ ದಿನಕ್ಕೆ 60 ಗ್ರಾಂನಷ್ಟಾದರೂ ಪ್ರೋಟೀನ್ ಬೇಕು. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಎರಡು ತಾಸಿನ ಅಂತರ. ಚಹಾ ಕುಡಿದು ಕಬ್ಬಿಣ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೊಣಕಾಲು ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವ ನಮ್ಮ ಚಾಳಿಯಂತೂ ಬೈಪಾಸ್ ಆದವರಲ್ಲಿ ಹುಣ್ಣು ತರುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಸಲೈನ್. ಆಪರೇಷನ್ ಆಗಿ ಮೊದಲ ಕೆಲವು ತಿಂಗಳಲ್ಲಿ ದಿನಗಟ್ಟಲೆ ವಾಂತಿಯಾದರೆ ಮೈಯಲ್ಲಿ ಥಯಮಿನ್, ಅಂದರೆ ಬಿ1, ಬೇಗ ಮುಗಿಯುತ್ತದೆ. ಅಂಥವರು ಸುಸ್ತೆಂದು ಹತ್ತಿರದ ದವಾಖಾನೆಗೆ ಬಂದು ‘ಒಂದ್ ಬಾಟ್ಲಿ ಹಚ್ರಿ ಸರ್’ ಅನ್ನುತ್ತಾರೆ. ಥಯಮಿನ್ ಕೊಡದೆ ಗ್ಲೂಕೋಸ್ ಹಚ್ಚಿದರೆ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣು ಅತ್ತಿತ್ತ ಅಲುಗುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಕದಡುತ್ತದೆ. ಊರಿನ ಡಾಕ್ಟರನ್ನು ದೂರುವಂತಿಲ್ಲ. ಆಪರೇಷನ್ ಆಗಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬೊಜ್ಜಿನ ನಾಚಿಕೆಯಿಂದ ಮುಚ್ಚಿಟ್ಟ ಮನೆಗಳೂ ಉಂಟು.

ದೊಡ್ಡ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಪತ್ರ ಇಂಗ್ಲಿಷಿನಲ್ಲಿ, ಮೂರ್ನಾಲ್ಕು ಹಾಳೆ. ಅದರ ಜೊತೆಗೆ ಕನ್ನಡದ ಒಂದೇ ಹಾಳೆ ಸಾಕು: ಯಾವ ಆಪರೇಷನ್, ಯಾವ ತಾರೀಖು, ಯಾವ ಗುಳಿಗೆ ಕೂಡದು, ವಾಂತಿಯಾದರೆ ಮೊದಲು ಬಿ1, ಯಾವ ತಿಂಗಳು ಯಾವ ಪರೀಕ್ಷೆ. ಅದರ ಒಂದು ಪ್ರತಿ ಊರಿನ ಡಾಕ್ಟರ ಟೇಬಲ್ಲಿಗೆ ಹೋಗಲಿ. ‘ಏನರ ಆದ್ರ ನಮ್ಮ ಕಡೆನ ಬರ್ರಿ’ ಎಂದಷ್ಟೇ ಹೇಳಿ ಕಳಿಸುವ ಆಸ್ಪತ್ರೆಯಲ್ಲಿ, ಅಲ್ಲಿನ ಸರ್ಜನ್ ಎಷ್ಟೇ ಹೆಸರುವಾಸಿಯಾಗಿದ್ದರೂ, ಮುಂಗಡ ಕಟ್ಟುವ ಮೊದಲು ಎರಡು ಸಲ ಯೋಚಿಸಬೇಕು.